ಕರು ಬಿಚ್ಚಿಕೊಂಡ ದಿನ ನಾನೆಲ್ಲಿದ್ದೆ

ಚನ್ನರಾಯಪಟ್ಟಣ
೧೪ ಸೆಪ್ಟೆಂಬರ್ ೧೯೯೮

ಸೌಜನ್ಯಾ,

ಈ ಕಾಗದ ಕೈ ಸೇರುವಾಗ ನಿನ್ನಪ್ಪ ಹಾಸನಕ್ಕೆ ಬಂದಿದ್ದರೆ, ಮಡಚಿಟ್ಟು ಅವನು ಊರಿಗೆ ಹೋದ ಮೇಲೆ ಓದು. ನನಗೆ ಅವನ ಮೇಲಿನ ಕೋಪ ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ಇಲ್ಲ.

ನಿನ್ನ ಚಿಕ್ಕಮ್ಮ ಅನಸೂಯಳ ವರ್ಷದ ಪೂಜೆಗೆ ನಿನಗೆ ಕಾಲೇಜಿನಲ್ಲಿ ರಜೆ ಸಿಗಲಿಲ್ಲ, ಸರಿ. ಹಾಗಾಗಿ ಅಲ್ಲಿ ನಡೆದದ್ದನ್ನು ನಾನೇ ಬರೆಯಬೇಕಾಗಿದೆ. ನಿನ್ನಪ್ಪ ಹೇಳಿದ್ದರೆ ಅದು ಒನ್ ಸೈಡೆಡ್. ಎಡೆ ಇಟ್ಟು, ಕೈ ಮುಗಿದು, ಎಲ್ಲರೂ ಊಟಕ್ಕೆ ಕೂತಿದ್ದೆವು. ಸೊಸೆ ಚೆನ್ನಾಗಿಯೇ ಮಾಡಿದ್ದಳು, ಕಡುಬಿಗೆ ಸ್ವಲ್ಪ ಉಪ್ಪು ಕಡಿಮೆ, ಅದಿರಲಿ. ಯಾರೋ ಅನಸೂಯಳ ಮಾತೆತ್ತಿದರು. ನಾನು ಎಂದಿನಂತೆ ಹೆಣ್ಣು ನೋಡಲು ಹೋದ ಕಥೆ ಶುರು ಮಾಡಿದೆ. ನೀನೂ ಎಷ್ಟು ಸಲ ಕೇಳಿದ್ದೀಯೆ. ಅರಕಲಗೂಡಿನ ಹತ್ತಿರ ಅವಳ ತವರಿನ ಜಗಲಿ. ಅವಳು ತಟ್ಟೆಯಲ್ಲಿ ಕಾಫಿ ಲೋಟ ಜೋಡಿಸಿಕೊಂಡು ಹೊರಗೆ ಬರುವುದಕ್ಕೂ, ಕೊಟ್ಟಿಗೆಯಲ್ಲಿ ಕರು ಬಿಚ್ಚಿಕೊಂಡು ತಾಯಿಯ ಕೆಚ್ಚಲಿಗೆ ಬಾಯಿ ಹಾಕುವುದಕ್ಕೂ ಸರಿಹೋಯಿತು. ಹುಡುಗಿ ಹಿಂದೆ ಮುಂದೆ ನೋಡದೆ ತಟ್ಟೆಯನ್ನು ನನ್ನ ಕೈಗೆ ತುರುಕಿ, ಸೀರೆ ಎತ್ತಿ ಸಿಕ್ಕಿಸಿ, ಕರುವಿನ ಹಿಂದೆ ಓಡಿದಳು. ಓಡುತ್ತ ಒಮ್ಮೆ ತಿರುಗಿ ನೋಡಿ ನಕ್ಕಳು. ಹೆಣ್ಣು ನೋಡಲು ಹೋದ ಬಿ.ಎ. ಗಂಡು, ಹೋಟೆಲ್ ಮಾಣಿಯ ಹಾಗೆ ತಟ್ಟೆ ಹಿಡಿದು ನಿಂತಿದ್ದೆ.

ಇಷ್ಟು ಹೇಳುವಷ್ಟರಲ್ಲಿ ಎದುರು ಸಾಲಿನಿಂದ ನಿನ್ನಪ್ಪ ಬಾಯಿ ತೆರೆದ. “ಲೇ ಚಲುವ, ಸಾಕು ಮಾಡ್ಲಾ. ನೀನೆಲ್ಲಿ ಬಂದಿದ್ದೆ? ತಟ್ಟೆ ಇಡ್ಕಂಡು ನಿಂತಿದ್ದು ನಾನು ಕಣ್ಲಾ!”

ಜನ ನಕ್ಕರು. ನನ್ನ ಮಗ ಮೋಹನನೂ ನಕ್ಕ. ತನ್ನ ತಾಯಿಯ ಎಡೆಯ ಮುಂದೆ.

ನಿನಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕೇಳು. ಲಕ್ವ ಹೊಡೆದು ಅನಸೂಯ ಎರಡು ವರ್ಷ ಮಲಗಿದ್ದಳಲ್ಲ, ಈಗ ಕಣ್ಣು ಮುಚ್ಚಿದರೆ ನನಗೆ ಬರುವುದು ಆ ವಾರೆಯಾದ ಬಾಯಿ, ಜೊಲ್ಲು ಒರೆಸುವ ಬಟ್ಟೆ, ನನ್ನನ್ನು ಗುರುತಿಸಿದಳೋ ಇಲ್ಲವೋ ತಿಳಿಯದ ಆ ಒಂದು ಕಣ್ಣು. ಮದುವೆಯ ಫೋಟೋದಲ್ಲಿ ಬಾಸಿಂಗ ಮತ್ತು ತಗ್ಗಿಸಿದ ತಲೆ ಬಿಟ್ಟರೆ ಏನೂ ಇಲ್ಲ. ಅವಳ ಮುಖ ನೆಟ್ಟಗಿರುವ ಚಿತ್ರ ನನ್ನ ಹತ್ತಿರ ಆ ತಿರುಗಿ ನಕ್ಕದ್ದೊಂದೇ. ಅದೂ ನನ್ನದಲ್ಲ ಎಂದರೆ ನಾನು ಯಾವ ಮುಖ ಇಟ್ಟುಕೊಂಡು ಉಳಿದ ದಿನ ಕಳೆಯಲಿ?

ನೀನು ಪಾಠ ಮಾಡುವ ಸೈಕಾಲಜಿಯನ್ನು ನಾನೂ ಬಿ.ಎ.ಯಲ್ಲಿ ಒಂದು ಪೇಪರ್ ಓದಿದವನೇ. ರಿಟೆನ್ಷನ್, ರೀಕಾಲ್, ರಿಕಗ್ನಿಷನ್. ನಾಲ್ಕನೆಯದು ಒಂದಿತ್ತು, ಅದು ಮರೆತಿದೆ, ನಗಬೇಡ. ಮೆಮೊರಿ ಎಂದರೆ ಮೇಣದ ಮೇಲೆ ಒತ್ತಿದ ಮುದ್ರೆ ಎಂದು ಲೆಕ್ಚರರ್ ಹೇಳಿದ್ದರು. ಮುದ್ರೆ ಮಾಸಬಹುದು, ಆದರೆ ಒತ್ತದೇ ಇದ್ದ ಮುದ್ರೆ ಎಲ್ಲಿಂದ ಬರುತ್ತದೆ? ಯು ಆರ್ ದಿ ಎಕ್ಸ್‌ಪರ್ಟ್. ನಿನ್ನಪ್ಪನಿಗೆ ತಿಳಿಯುವ ಹಾಗೆ ನಾಲ್ಕು ಸಾಲು ಬರೆದು ಹಾಕು.

ನಿನ್ನ ಉತ್ತರಕ್ಕೆ ಬಾಗಿಲು ಕಾಯುತ್ತಿರುವ ಚಿಕ್ಕಪ್ಪ,
ಚಲುವಯ್ಯ


ಹಾಸನ
೩೦ ಸೆಪ್ಟೆಂಬರ್ ೧೯೯೮

ಪ್ರೀತಿಯ ಚಿಕ್ಕಪ್ಪ,

ಉತ್ತರ ತಡವಾದದ್ದಕ್ಕೆ ಪರೀಕ್ಷೆಯ ಕೆಲಸ ಎಂದು ಬರೆಯಬಹುದಿತ್ತು. ನಿಜವಾಗಿ ನನಗೆ ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ನೀವು.

ಮೇಣದ ಮುದ್ರೆಯ ಮಾತನ್ನು ಈಗ ನಾವು ಪಾಠ ಮಾಡುವುದಿಲ್ಲ. ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ. ನಾವು ನೆನೆಸಿಕೊಂಡಾಗಲೆಲ್ಲ ಮಿದುಳು ಅದನ್ನು ತುಂಡುಗಳಿಂದ ಹೊಸದಾಗಿ ಜೋಡಿಸುತ್ತದೆ. ಕಂಡದ್ದು ಒಂದು ತುಂಡು, ವಾಸನೆ ಒಂದು ತುಂಡು, ಆಗಿನ ಸಂತೋಷ ಇನ್ನೊಂದು. ಇವುಗಳಲ್ಲಿ ‘ಇದು ನನಗೆ ಎಲ್ಲಿಂದ ಗೊತ್ತಾಯಿತು’ ಎನ್ನುವ ತುಂಡು ತೀರ ಸಡಿಲ. ಬೇಗ ಕಳಚಿ ಬೀಳುತ್ತದೆ. ಕೇಳಿದ ಸಂಗತಿ ಉಳಿಯುತ್ತದೆ, ಕೇಳಿದ್ದು ಎನ್ನುವುದು ಹೋಗುತ್ತದೆ. ಪ್ರತಿಸಲ ಹೇಳಿದಾಗಲೂ ನಾವು ನೆನಪಿಸಿಕೊಳ್ಳುವುದು ನಡೆದದ್ದನ್ನಷ್ಟೇ ಅಲ್ಲ, ಹೋದ ಸಲ ಹೇಳಿದ್ದನ್ನೂ ಹೌದು.

ಈಚೆಗೆ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ದೊಡ್ಡವರನ್ನು ಕೂರಿಸಿ, ಚಿಕ್ಕಂದಿನಲ್ಲಿ ಅಂಗಡಿ ಸಾಲಿನಲ್ಲಿ ನೀವು ಕಳೆದುಹೋಗಿದ್ದಿರಂತೆ, ಮನೆಯವರೇ ಹೇಳಿದರು ಎಂದು ನಡೆಯದೇ ಇದ್ದ ಸಂಗತಿಯನ್ನು ಹೇಳಿದರು. ಎಲ್ಲರೂ ಅಲ್ಲ, ಆದರೆ ಕೆಲವರು ಅದನ್ನು ‘ನೆನಪಿಸಿಕೊಂಡರು’. ತಮ್ಮನ್ನು ಕರೆತಂದ ಮುದುಕನ ಅಂಗಿ ಎಂಥದೆಂದೂ ಹೇಳಿದರು. ಅವರು ಸುಳ್ಳುಗಾರರಲ್ಲ ಚಿಕ್ಕಪ್ಪ. ನಿಮ್ಮಷ್ಟೇ ನೆಟ್ಟಗಿನ ಜನ.

ನಿಮ್ಮದು ಹೀಗೇ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಕೂತು ಹೇಳಲು ನನಗೆ ಆಗುವುದೂ ಇಲ್ಲ. ಒಂದು ಮಾತು ಕೇಳಲೇ? ಆ ಚಿತ್ರ ನಿಮ್ಮ ಕಣ್ಣಿನಿಂದ ಕಂಡ ಹಾಗೆ ಬರುತ್ತದೆಯೋ, ನಿಮ್ಮನ್ನೇ ನೀವು ದೂರದಿಂದ ನೋಡಿದ ಹಾಗೋ?

ಊಟ ಬಿಡಬೇಡಿ.
ಸೌಜನ್ಯ


ಚನ್ನರಾಯಪಟ್ಟಣ
೧೮ ಅಕ್ಟೋಬರ್ ೧೯೯೮

ಸೌಜನ್ಯಾ,

ನಾನು ಕೇಳಿದ್ದು ನಾಲ್ಕು ಸಾಲು. ನೀನು ಕಳಿಸಿದ್ದು ಅಮೆರಿಕದ ಮುದುಕನ ಅಂಗಿ.

ನಿನ್ನ ಪ್ರಶ್ನೆ ನನ್ನನ್ನು ಹಾಳು ಮಾಡಿತು. ಅಲ್ಲಿಯವರೆಗೆ ಆ ಚಿತ್ರವನ್ನು ನಾನು ಸುಮ್ಮನೆ ನೋಡುತ್ತಿದ್ದೆ. ಅದನ್ನು ನೋಡುತ್ತಿರುವವನು ಎಲ್ಲಿದ್ದಾನೆ ಎಂದು ಹುಡುಕಿರಲಿಲ್ಲ. ಹುಡುಕಿದೆ. ನನ್ನ ಬೆನ್ನು ನನಗೆ ಕಾಣುತ್ತಿದೆ, ಸೌಜನ್ಯಾ! ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಹಿಂದಲೆ. ಯಾವ ಮನುಷ್ಯ ತನ್ನ ಹಿಂದಲೆಯನ್ನು ಕಂಡಿದ್ದಾನೆ? ವಾಟ್ ಈಸ್ ದಿಸ್ ನಾನ್ಸೆನ್ಸ್? ಆದರೆ ಹೆಬ್ಬೆಟ್ಟಿನಲ್ಲಿ ಕಾಫಿ ಲೋಟದ ಬಿಸಿ ಇನ್ನೂ ಇದೆ. ಅದನ್ನು ನನಗೆ ಯಾರು ಹೇಳಿಕೊಟ್ಟರು? ಬಿಸಿ ಹೇಳಿದರೆ ಬರುವುದೇ?

ನಿನ್ನನ್ನು ಕೇಳಿ ಪ್ರಯೋಜನವಿಲ್ಲ ಎಂದು ಅರಕಲಗೂಡಿಗೆ ಹೋದೆ. ಅನಸೂಯಳ ಅಕ್ಕ ಸಣ್ಣಕ್ಕ ಅಲ್ಲೇ ಮಗಳ ಮನೆಯಲ್ಲಿದ್ದಾಳೆ. ಅವತ್ತು ಹೆಣ್ಣಿನ ಕಡೆ ಇದ್ದವರ ಪೈಕಿ ಇನ್ನೂ ಬದುಕಿರುವವಳು ಅವಳೊಬ್ಬಳೇ. ಐ-ವಿಟ್ನೆಸ್. ಕೂತ ತಕ್ಷಣ ಕೇಳಿದೆ. “ಸಣ್ಣಕ್ಕ, ಅನಸೂಯನ್ನ ನೋಡೋಕೆ ನಾನು ಬಂದಿದ್ದೆ ಅಲ್ವಾ?”

“ಬರ್ದೇ ಏನು? ಬಿಳೀ ಅಂಗಿ ಆಕ್ಕಂಡು ಕಂಬಕ್ಕೆ ಒರಗಿ ಕೂತಿದ್ರಲ್ಲ. ಎಷ್ಟು ಸಲ ಏಳಿದೀರ ನೀವೇ!”

“ನಾನು ಹೇಳಿದ್ದಲ್ಲ. ನೀವು ಕಂಡಿದ್ದು.”

“ಕಂಡಿದ್ದೇ ಕಣಪ್ಪ. ನಿಮ್ಮಪ್ಪ ಇದ್ರು, ನಿಮ್ಮಣ್ಣ ಇದ್ರು…”

“ಅಣ್ಣ ತಟ್ಟೆ ಹಿಡ್ಕೊಂಡಿದ್ನಾ?”

“ಊಂ, ಇಡ್ಕಂಡಿದ್ರು ಪಾಪ.”

“ಹಂಗಾದ್ರೆ ನಾನು?”

“ನೀವೂ ಇಡ್ಕಂಡಿದ್ರಿ.”

“ಒಂದು ತಟ್ಟೆನ ಇಬ್ರು ಹಿಡ್ಕೊಳಕ್ಕಾಗುತ್ತಾ?”

“ಯಾಕಾಗಾಕಿಲ್ಲ? ದೊಡ್ಡ ತಟ್ಟೆ ಅದು. ಮೊದ್ಲು ಊಟ ಮಾಡೀಪ್ಪ, ಆಮ್ಯಾಕೆ ಜಗಳ ಆಡೀರಂತೆ.”

ಊಟ ಮಾಡಿ ಬಂದೆ. ಇನ್ನೇನು ಮಾಡಲಿ. ಬಸ್ಸು ಹೊಳೆನರಸೀಪುರದಲ್ಲಿ ನಿಂತಾಗ ಇಳಿದು ನಿನ್ನಪ್ಪನ ಮನೆಗೆ ಹೋಗಿ ಎರಡು ಮಾತು ಕೇಳಿಬಿಡೋಣ ಎನ್ನಿಸಿತು. ಇಳಿಯಲಿಲ್ಲ. ಕಿಟಕಿಯ ಪಕ್ಕ ಕೂತು ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡೆ. ಪಕ್ಕದವನು ಸೀಟು ಬದಲಾಯಿಸಿದ.

ನಿನ್ನ ಪಾಠದಿಂದ ಇನ್ನಷ್ಟು ಬಡವನಾದ,
ಚಲುವಯ್ಯ


ಹಾಸನ
೮ ನವೆಂಬರ್ ೧೯೯೮

ಚಿಕ್ಕಪ್ಪ,

ತಪ್ಪು ನನ್ನದು. ಪ್ರಶ್ನೆ ಕೇಳಿ ಅರ್ಧದಲ್ಲಿ ಬಿಟ್ಟೆ. ಬೆನ್ನು ಕಂಡರೆ ನೆನಪು ಸುಳ್ಳು ಎಂದು ಅರ್ಥವಲ್ಲ. ಹಳೆಯ ನಿಜವಾದ ನೆನಪುಗಳೂ ಎಷ್ಟೋ ಸಲ ಹಾಗೆಯೇ ಬರುತ್ತವೆ. ಬಿಸಿಯೂ ಅಷ್ಟೇ, ಅದು ಈ ಕಡೆಗೂ ಸಾಕ್ಷಿಯಲ್ಲ, ಆ ಕಡೆಗೂ ಅಲ್ಲ. ನಂಬಿಕೆ ಎಷ್ಟು ಗಟ್ಟಿ ಎನ್ನುವುದರಿಂದ ನೆನಪು ಎಷ್ಟು ನಿಜ ಎಂದು ಅಳೆಯಲು ಬರುವುದಿಲ್ಲ. ಅದು ಅಪ್ಪನಿಗೂ ಅನ್ವಯಿಸುತ್ತದೆ. ಸಣ್ಣಕ್ಕನ ವಿಷಯ ಬಿಡಿ, ಅವರ ತಲೆಯೊಳಗೆ ನಿಮ್ಮ ಕಥೆಯೇ ಕೂತಿದೆ.

ಚಿಕ್ಕಮ್ಮನ ಕಾಯಿಲೆಯ ಮುಖ ಮತ್ತೆ ಮತ್ತೆ ಬರುವುದರ ಬಗ್ಗೆ ಬರೆದಿದ್ದಿರಿ. ಭಯ, ಸಂಕಟ ಇದ್ದಾಗ ಕಂಡದ್ದನ್ನು ಮಿದುಳು ಹೆಚ್ಚು ಒತ್ತಿ ಇಟ್ಟುಕೊಳ್ಳುತ್ತದೆ, ಬೇಗ ಎತ್ತಿ ಕೊಡುತ್ತದೆ. ಆ ಮುಖ ಮುಂದೆ ನಿಂತಿರುವುದು ಅದೊಂದೇ ನಿಜ ಎಂಬ ಕಾರಣಕ್ಕಲ್ಲ. ಉಳಿದ ಮುಖಗಳು ಹಿಂದೆ ಇವೆ, ಹೋಗಿಲ್ಲ. ಇದನ್ನು ಪುಸ್ತಕದಿಂದ ಹೇಳುತ್ತಿದ್ದೇನೆ. ಆ ಎರಡು ವರ್ಷ ಹಾಸಿಗೆಯ ಪಕ್ಕ ಕೂತಿದ್ದವರು ನೀವು.

ಉಳಿದದ್ದನ್ನು ನನ್ನನ್ನು ಕೇಳಬೇಡಿ, ಅಪ್ಪನನ್ನು ಕೇಳಿ. ಪೂಜೆಯಿಂದ ಬಂದಾಗಿನಿಂದ ಅವರೂ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿಲ್ಲ.

ಇಬ್ಬರ ನಡುವೆ ಸಿಕ್ಕಿಕೊಂಡಿರುವ,
ಸೌಜನ್ಯ


ಚನ್ನರಾಯಪಟ್ಟಣ
೨ ಡಿಸೆಂಬರ್ ೧೯೯೮

ಅಣ್ಣಾ,

ಕ್ಷೇಮ ಸಮಾಚಾರಕ್ಕೆ ಬರೆದ ಕಾಗದ ಅಲ್ಲ ಇದು. ಎರಡು ಪ್ರಶ್ನೆ.

ಒಂದು. ನಾನು ಬಂದಿರಲಿಲ್ಲ ಎಂದು ನಿನಗೆ ಅಷ್ಟು ಗೊತ್ತಿದ್ದರೆ ಸುಮಾರು ನಲವತ್ತು ವರ್ಷ ಯಾಕೆ ಸುಮ್ಮನಿದ್ದೆ? ನಿನ್ನ ಮಗಳ ಮದುವೆ ಮಾತುಕತೆಯಲ್ಲಿ ನಾನು ಇದೇ ಕಥೆ ಹೇಳಿದೆ, ನೀನು ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದೆ. ಎರಡು. ಹೇಳಲೇಬೇಕಿದ್ದರೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಅವಳ ಎಡೆಯ ಮುಂದೆಯೇ ಯಾಕೆ?

ಚಲುವಯ್ಯ


ಹೊಳೆನರಸೀಪುರ
೧೦ ಜನವರಿ ೧೯೯೯

ಲೇ ಚಲುವ,

ನಿನ್ನಂಗೆ ಬರೆಯಾಕೆ ನಂಗೆ ಬರಾಕಿಲ್ಲ. ಬಾಯಲ್ಲಿ ಬಂದಂಗೆ ಬರ್ದಿದೀನಿ, ಓದ್ಕೊ.

ಆಗೆಲ್ಲ ನಮ್ ಜನ ಎಣ್ಣು ನೋಡಾಕೆ ಗಂಡ್ನ ಕರ್ಕಂಡು ಓಗ್ತಿದ್ರೇನ್ಲಾ? ದೊಡ್ಡೋರು ನೋಡಿ ಊಂ ಅಂದ್ರೆ ಮುಗೀತು. ಅಪ್ಪ, ನಾನು, ಇಬ್ರೇ ಓಗಿದ್ದು. ನೀನು ಮೈಸೂರ್ನಲ್ಲಿ ಪರೀಕ್ಷೆ ಬರೀತಿದ್ದೆ. ಎಬ್ಬೆಟ್ಟಲ್ಲಿ ಲೋಟದ ಬಿಸಿ ಇನ್ನೂ ಅಯ್ತೆ ಅಂತ ಬರ್ದಿದ್ಯಂತೆ, ಸೌಜನ್ಯ ಏಳಿದ್ಲು. ಎಬ್ಬೆಟ್ಟು ಸುಟ್ಟಿದ್ದು ನಂದು. ನಿಂಗೆ ಅದು ಎಂಗೆ ಗೊತ್ತು ಅಂದ್ರೆ ನಿನ್ನೆಂಡ್ತಿ, ಆಯಮ್ಮನೇ ಏಳಿರ್ತಾಳೆ ಕಣ. ಸುಟ್ಕಂಡು ಬಾಯಲ್ಲಿ ಇಟ್ಕಂಡು ಚೀಪ್ತಾ ಕೂತಿದ್ದೆ, ಅದ್ಕೇ ಒಳಗಿದ್ದ ಎಂಗಸ್ರೆಲ್ಲ ನಗಾಡಿದ್ರು.

ಸುಮ್ನಿದ್ದದ್ದು ಯಾಕೆ ಅಂತೀಯ. ನೀನು ಗೊರೂರು ಡ್ಯಾಮ್ ಆಫೀಸ್ನಲ್ಲಿ ಇದ್ದೆಯಲ್ಲ, ಕ್ವಾರ್ಟರ್ಸ್‌ಗೆ ನಾವೆಲ್ಲ ಬಂದಿದ್ವಿ. ಮೀನ್ ಸಾರು ಮಾಡಿದ್ರು. ನೀನು ಈ ಕತೆ ತೆಗ್ದೆ. ನಾನು ನಿಜ ಏಳಣ ಅಂತ ಬಾಯ್ ಬುಟ್ಟೆ. ಅಡಿಗೆ ಮನೆ ಬಾಗ್ಲು ಸಂದೀಲಿ ಒಂದು ಕೈ ಕಂಡ್ತು. ಬಳೆ ಸದ್ದಾಗ್ದಂಗೆ ಇನ್ನೊಂದು ಕೈಯಲ್ಲಿ ಅದುಮ್ಕಂಡು, ಬ್ಯಾಡ ಬ್ಯಾಡ ಅಂತ ಆಡಿಸ್ತು. ನುಂಗ್ಕಂಡೆ. ಒರಡೋವಾಗ ಬಾಗ್ಲ ಇಂದೆಯಿಂದ್ಲೇ ಅಂದ್ಲು, “ಭಾವ, ಇವ್ರು ಅದನ್ನ ಏಳೋವಾಗ ನಗ್ತಾರೆ. ಬ್ಯಾರೆ ಯಾವಾಗ್ಲೂ ಅಂಗೆ ನಗಾಕಿಲ್ಲ. ಬುಟ್ಬುಡಿ.”

ಬುಟ್ಟೆ. ಅಂಗೇ ನಡೀತು ಇಷ್ಟು ವರ್ಷ.

ಅವತ್ತು ಎಡೆ ಮುಂದೆ ಯಾಕೆ ಅಂದೆ. ಗೊತ್ತಿಲ್ಲ ಕಣ್ಲಾ. ನೀನು ಕತೆ ಶುರು ಮಾಡ್ದಾಗ ಬಾಗ್ಲ ಕಡೆ ನೋಡ್ದೆ. ಕೈ ಆಡಿಸೋರು ಇರ್ಲಿಲ್ಲ. ಬಾಯಿ ಜಾರ್ತು.

ಜವರಪ್ಪ


ಚನ್ನರಾಯಪಟ್ಟಣ
೩೧ ಜನವರಿ ೧೯೯೯

ಅಣ್ಣಾ,

ಓದಿದೆ. ಎರಡು ಸಲ ಹರಿದುಹಾಕೋಣ ಎಂದುಕೊಂಡೆ.

ನೀನು ಹೇಳಿದ್ದನ್ನು ಒಪ್ಪುತ್ತೇನೆ. ಒಪ್ಪದೆ ಏನು ಮಾಡಲಿ, ಪರೀಕ್ಷೆಯ ಹಾಲ್‌ನ ಬೆಂಚು ಈಗ ಸ್ವಲ್ಪ ಸ್ವಲ್ಪ ನೆನಪಿಗೆ ಬರುತ್ತಿದೆ. ಅದೂ ನೀನು ಬರೆದದ್ದರಿಂದ ಬಂತೋ ಏನೋ. ನೀವಿಬ್ಬರೂ ಸೇರಿ ನನ್ನನ್ನು ಇಷ್ಟು ವರ್ಷ ಆಡಿಸಿದಿರಿ. ಅವಳ ಮೇಲೂ ಸಿಟ್ಟು ಬಂದಿದೆ, ಆದರೆ ಜಗಳ ಆಡೋಣ ಎಂದರೆ ಅವಳಿಲ್ಲ. ಇದಕ್ಕಿಂತ ಕೆಟ್ಟ ಸಿಟ್ಟು ಇಲ್ಲ ಅಣ್ಣ. ಹೋಗಲು ಅದಕ್ಕೆ ಜಾಗವೇ ಇಲ್ಲ.

ಈಗ ನನ್ನ ಮಾತು ಕೇಳು. ನನ್ನ ಚಿತ್ರವನ್ನು ನೀನು ಕಿತ್ತುಕೊಂಡೆ. ಅಲ್ಲಿದ್ದವನು ನೀನು. ಹಾಗಾದರೆ ನಿಜವಾದದ್ದು ನಿನ್ನ ಹತ್ತಿರ ಇದೆ, ಅದನ್ನು ಕೊಡು. ಅವಳು ತಿರುಗಿ ನೋಡಿ ನಕ್ಕಾಗ ಹೇಗಿದ್ದಳು? ಮುಖ ಗುಂಡಗಿತ್ತೋ, ಉದ್ದವೋ? ಹಣೆಯ ಮೇಲೆ ಕೂದಲು ಬಿದ್ದಿತ್ತೋ? ನೀನು ಕಂಡ ಹಾಗೆ ಬರೆ. ಬಾಯಲ್ಲಿ ಬಂದ ಹಾಗೆಯೇ ಬರೆ, ಪರವಾಗಿಲ್ಲ. ನನಗೆ ಲಕ್ವದ ಮುಖ ಬಿಟ್ಟು ಬೇರೆ ಒಂದು ಮುಖ ಬೇಕು.

ಕಾಯುತ್ತಿದ್ದೇನೆ. ಬೇಗ ಬರೆ.
ಚಲುವ


ಹೊಳೆನರಸೀಪುರ
೨೨ ಫೆಬ್ರವರಿ ೧೯೯೯

ಚಲುವ,

ನಿನ್ ಕಾಗದ ಇಟ್ಕಂಡು ಸುಮಾರು ದಿನ ಕೂತೆ. ಏಳ್ತೀನಿ ಕೇಳು.

ಕರ ಕೆಂದ ಬಣ್ಣದ್ದು. ಅಣೇ ಮ್ಯಾಲೆ ಬಿಳೀ ಮಚ್ಚೆ. ಇಂದಿನ ಎಡಗಾಲು ಒಸಿ ಎಳೀತಿತ್ತು. ಕುತ್ಗೆ ಅಗ್ಗದ ತುದಿ ಅರ್ದೋಗಿತ್ತು, ಇಲಿ ಕಡ್ದಿರ್ಬೇಕು. ಗೊಂತಿಗೆ ಕಟ್ಟಿದ್ ಅಸಾ ಬಿಳೀದು, ಒಂದು ಕೊಂಬು ಒಳೀಕೆ ಬಾಗಿತ್ತು. ಜಗಲಿ ಮುಂದೆ ಸಗಣಿ ಸಾರ್ಸಿದ್ದು ಇನ್ನೂ ಅಸಿ ಇತ್ತು, ಕರ ಓಡಿದ್ ಗುರ್ತು ಬಿತ್ತು.

ಆಯಮ್ಮನ ಮಕ ನಂಗೆ ಗೊತ್ತಿಲ್ಲ ಕಣ್ಲಾ.

ತಮ್ಮಂಗೆ ತರೋ ಎಣ್ಣು. ಭಾವ ಆಗೋನು ಅಂಗೆ ಮಕ ದಿಟ್ಟ್‌ಸಿ ನೋಡಾಕಾದದಾ? ಅಪ್ಪ ಪಕ್ಕದಲ್ಲವ್ರೆ. ತಲೆ ತಗ್ಗಿಸ್ಕಂಡು ಕರಾನೇ ನೋಡ್ತಿದ್ದೆ. ಆಮ್ಯಾಕೂ ಅಷ್ಟೇ. ನಮ್ಮನೇಲಿ ಆಯಮ್ಮ ನನ್ ಮುಂದೆ ಎಂದಾದ್ರೂ ತಲೆ ಮ್ಯಾಲೆ ಸೆರಗು ಎಳ್ಕಳ್ದೆ ನಿಂತಿದ್ದು ಕಂಡಿದೀಯ? ಕೈ ಗೊತ್ತು, ದನಿ ಗೊತ್ತು. ಕಾಯ್ಲೇಲಿ ನೋಡಾಕೆ ಬಂದಾಗ್ಲೂ ಬಾಗ್ಲಲ್ಲೇ ನಿಂತೆ.

ನಂತಾವ ಏನೂ ಇಲ್ಲ ಕಣಪ್ಪ ಕೊಡಾಕೆ. ಕರ ಬೇಕಾದ್ರೆ ಇಸ್ಕೊ.

ನಿಮ್ಮಣ್ಣ


ಚನ್ನರಾಯಪಟ್ಟಣ
೧೪ ಮಾರ್ಚ್ ೧೯೯೯

ಸೌಜನ್ಯಾ,

ನಿನ್ನಪ್ಪ ಬರೆದದ್ದನ್ನು ನಿನಗೂ ಹೇಳಿರುತ್ತಾನೆ. ಹೇಳಿರದಿದ್ದರೆ ಇಷ್ಟು ತಿಳಿದುಕೋ. ಅಲ್ಲಿದ್ದವನಿಗೆ ಅವಳ ಮುಖ ಗೊತ್ತಿಲ್ಲ. ಅಲ್ಲಿಲ್ಲದಿದ್ದವನಿಗೆ ಗೊತ್ತು. ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನೋ ಒಂದು ಹೆಸರಿರುತ್ತದೆ. ದಯವಿಟ್ಟು ಬರೆಯಬೇಡ.

ಮೊದಲು ನನಗೆ ಬಂದದ್ದು ಸಿಟ್ಟೇ. ಒಬ್ಬ ಮನುಷ್ಯ ಒಂದು ಕರುವಿನ ಕುತ್ತಿಗೆಯ ಹಗ್ಗವನ್ನು ಇಷ್ಟು ವರ್ಷ ಜೋಪಾನ ಮಾಡಿದ್ದಾನೆ, ಹುಡುಗಿಯ ಮುಖ ನೋಡಿಲ್ಲ! ಆಮೇಲೆ, ಅವನು ನೋಡದಿದ್ದುದು ನನ್ನ ಸಲುವಾಗಿ ಎಂಬುದು ಹೊಳೆಯಿತು. ಅದು ಹೊಳೆದ ಮೇಲೆ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಅದಕ್ಕೂ ರೇಗಿತು.

ಹಾಗಾದರೆ ನನ್ನ ಹತ್ತಿರ ಇರುವ ಮುಖ ಎಲ್ಲಿಯದು? ಅಣ್ಣನಿಂದ ಬಂದದ್ದಲ್ಲ. ಸಣ್ಣಕ್ಕ ನನ್ನ ಮಾತನ್ನೇ ನನಗೆ ಒಪ್ಪಿಸುವವಳು. ತನ್ನ ಮುಖವನ್ನು ಅವಳೇ ಹೇಳಿ ವರ್ಣಿಸುವುದೂ ಸಾಧ್ಯವಿಲ್ಲ. ನೀನು ಬರೆದಿದ್ದೆಯಲ್ಲ, ಎಲ್ಲಿಂದ ಬಂತು ಎನ್ನುವ ತುಂಡು ಮೊದಲು ಕಳಚಿ ಬೀಳುತ್ತದೆ ಎಂದು. ಬಿದ್ದ ತುಂಡನ್ನು ಹುಡುಕುತ್ತ ಕೂತೆ. ಸೊಸೆ ಎರಡು ಸಲ ಕಾಫಿ ಬಿಸಿ ಮಾಡಿ ಕೊಟ್ಟಳು, ಎರಡು ಸಲವೂ ಆರಿತು.

ಮದುವೆಯಾದ ಮೊದಲ ವರ್ಷ ಹೊಳೆನರಸೀಪುರದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಭಾನುವಾರ ಇರಬೇಕು, ನಾನು ಆಫೀಸಿಗೆ ಹೋಗಿಲ್ಲ. ಅವಳು ಅವರೆಕಾಯಿ ಸುಲಿಯುತ್ತಿದ್ದಾಳೆ. ಆ ಕರುವಿನ ಓಟವನ್ನು ಊರಿಗೆಲ್ಲ ತೋರಿಸಿದಿರಿ, ಕಟ್ಟಿಕೊಳ್ಳುವ ನನಗೆ ಮಾತ್ರ ತೋರಿಸಲಿಲ್ಲ ಎಂದು ನಾನು ಮುಖ ಊದಿಸಿಕೊಂಡು ಕೂತಿದ್ದೇನೆ. ಎಷ್ಟು ಸಲ ಅದನ್ನೇ ಅಂದಿದ್ದೆನೋ. ಅವಳಿಗೆ ತಾಳ್ಮೆ ತಪ್ಪಿತು. ಮೊರ ಪಕ್ಕಕ್ಕಿಟ್ಟು ಎದ್ದಳು. “ಅದೇನ್ ರಗಳೆ ನಿಮ್ದು! ಅಲ್ಲಿ ಕೂತ್ಕಳಿ, ನೋಡಿ, ತೋರಿಸ್ತೀನಿ” ಎಂದು ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಸೀರೆ ಎತ್ತಿ ಸಿಕ್ಕಿಸಿ, ಆ ಇಷ್ಟಗಲದ ಹಜಾರದಲ್ಲಿ ಇಲ್ಲದ ಕರುವಿನ ಹಿಂದೆ ಓಡಿದಳು. ನಡುಮನೆಯ ಬಾಗಿಲ ಹತ್ತಿರ ತಿರುಗಿ, ನನಗೆ ಸಮಾಧಾನವಾಯಿತೋ ಇಲ್ಲವೋ ಎಂದು ನೋಡಿದಳು. ನನ್ನ ಮುಖ ನೋಡಿ ನಗು ತಡೆಯಲಾಗಲಿಲ್ಲ ಅವಳಿಗೆ.

ಆ ಮುಖ.

ಇದು ನಡೆದದ್ದೋ, ನಿನ್ನಪ್ಪನ ಕಾಗದ ಓದಿದ ಮೇಲೆ ನಾನು ಕಟ್ಟಿಕೊಂಡದ್ದೋ? ನಿನ್ನ ಪಾಠ ಕೇಳಿದಾಗಿನಿಂದ ಬೆಳಿಗ್ಗೆ ಏನು ತಿಂದೆ ಎಂಬುದನ್ನೂ ನೆಟ್ಟಗೆ ನಂಬಲು ಆಗುತ್ತಿಲ್ಲ. ಅದೊಂದು ಉಪಕಾರ ಮಾಡಿದೆ ನೀನು. ಆದರೆ ಈ ಸಲ ಸರ್ಟಿಫಿಕೇಟ್ ಕೇಳಲು ಬರೆಯುತ್ತಿಲ್ಲ. ನಾಟ್ ರಿಕ್ವೈರ್ಡ್.

ಎರಡನೆಯ ವರ್ಷದ ಪೂಜೆಗೆ ನೀನು ರಜೆ ಹಾಕಿ ಬರಬೇಕು. ಅಣ್ಣನಿಗೆ ಈಗಲೇ ಬೇರೆ ಕಾರ್ಡು ಹಾಕಿದ್ದೇನೆ, ಅವನು ಮರೆಯುತ್ತಾನೆ. ಕಥೆ ಅವನೇ ಶುರು ಮಾಡಲಿ. ಕೆಂದಗರು, ಕೊಟ್ಟಿಗೆ, ಬಿಸಿ ತಟ್ಟೆ ಎಲ್ಲ ಅವನದು, ನಾನು ತುಟಿ ಬಿಚ್ಚುವುದಿಲ್ಲ. ಆದರೆ ಅವಳು ಓಡುತ್ತ ತಿರುಗುವ ಜಾಗ ಬಂದ ತಕ್ಷಣ ಅವನು ಬಾಯಿ ಮುಚ್ಚಬೇಕು. ಅಲ್ಲಿಂದ ಮುಂದಕ್ಕೆ ನಾನು ಹೇಳುತ್ತೇನೆ.

ನಿನ್ನ ಚಿಕ್ಕಪ್ಪ,
ಚಲುವಯ್ಯ